ಚನ್ನಪಟ್ಟಣದ ಮರದ ಕಲೆ ಮತ್ತು ಕೃಶತೆಯ ಧರ್ಮ

ಬೆಂಗಳೂರು–ಮೈಸೂರು ಮಾರ್ಗದಲ್ಲಿರುವ ಚನ್ನಪಟ್ಟಣವು ಬಣ್ಣದ ಮರದ ಗೊಂಬೆಗಳಿಂದ ನಾಡಿನಾದ್ಯಂತ ಪ್ರಖ್ಯಾತವಾದ ಊರು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂದು ನಾಮಕರಣವಾಯಿತು. ಜಿಲ್ಲೆಯ ಹೆಸರು ಬದಲಾದರೂ ಗೊಂಬೆಯ ಹೆಸರು ಬದಲಾಗಲಿಲ್ಲ.

ಟಿಪ್ಪು ಸುಲ್ತಾನನು ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಈ ಕಲೆಗೆ ನೆಲೆಯೊದಗಿಸಿದನೆಂಬುದು ಪರಂಪರಾಗತ ಪ್ರತೀತಿ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಬಾವಾಸ್ ಮಿಯಾನ್ ಎಂಬುವರು ಜಪಾನಿನ ವಿಧಾನಗಳನ್ನು ಅಳವಡಿಸಿ ಇದನ್ನು ಬೆಳೆಸಿದರೆಂದು ಹೇಳುತ್ತಾರೆ. 2005-06ರಲ್ಲಿ ಈ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು.

ಇದಕ್ಕೆ ಬಳಸುವುದು ಮುಖ್ಯವಾಗಿ ಹಾಲೆಮರ. ಹದವಾಗಿ ಒಣಗಿದ ತುಂಡನ್ನು ಲೇತಿಗೆ ಸಿಕ್ಕಿಸಿ ತಿರುಗಿಸುತ್ತ, ಉಳಿಯಿಂದ ಬೇಡವಾದುದನ್ನೆಲ್ಲ ಸವೆಸುತ್ತಾರೆ. ಬಳಿಕ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿದರೆ, ಘರ್ಷಣೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ತಾಳೆಗರಿಯಿಂದ ಉಜ್ಜಿದಾಗ ಹೊಳಪು ಮೂಡುತ್ತದೆ.

ಅರಗು ಕೀಟಜನ್ಯವಾದುದು; ಅದನ್ನು ಸಂಗ್ರಹಿಸುವಾಗ ಅಸಂಖ್ಯ ಜೀವಿಗಳು ನಾಶವಾಗುತ್ತವೆ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ತಮ್ಮ 'ಯೋಗಶಾಸ್ತ್ರ'ದಲ್ಲಿ ಶ್ರಾವಕನು ತ್ಯಜಿಸಬೇಕಾದ ಹದಿನೈದು ವೃತ್ತಿಗಳಲ್ಲಿ ಲಾಕ್ಷಾವಾಣಿಜ್ಯವನ್ನು, ಅಂದರೆ ಅರಗಿನ ವ್ಯಾಪಾರವನ್ನು, ಎಣಿಸಿದ್ದಾರೆ. ವ್ಯಾಪಾರವನ್ನೇ ಕುಲವೃತ್ತಿಯಾಗಿಸಿಕೊಂಡ ನಮ್ಮ ಸಮಾಜಕ್ಕೆ ಇದು ಚಿಂತನಾರ್ಹ ವಿಷಯ. ಆದರೆ ಹೊಟ್ಟೆಪಾಡಿಗಾಗಿ ಲೇತಿನ ಮುಂದೆ ಕುಳಿತವನನ್ನು ನಿಂದಿಸುವುದಕ್ಕೆ ಆ ಮಾತನ್ನು ಬಳಸಲಾಗದು. ಶ್ರಾವಕನು ಮೊದಲು ಅಳೆಯಬೇಕಾದುದು ತನ್ನ ಅಂಗಡಿಯ ಲಾಭವನ್ನು.

ಸವೆಸುವುದು ನಮ್ಮ ಧರ್ಮಕ್ಕೆ ಹೊಸತಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಚಾವುಂಡರಾಯನು ಸುಮಾರು 981ರಲ್ಲಿ ಪ್ರತಿಷ್ಠಾಪಿಸಿದ ಬಾಹುಬಲಿಯ ಮೂರ್ತಿಯು, ಬೆಟ್ಟದ ಏಕಶಿಲೆಯಿಂದ ಬೇಡವಾದುದನ್ನು ತೆಗೆದಾಗ ಉಳಿದ ರೂಪ. ಸಲ್ಲೇಖನವೆಂಬ ಶಬ್ದಕ್ಕೂ ಚೆನ್ನಾಗಿ ತೆಳುವಾಗಿಸುವುದೆಂಬ ಅರ್ಥವಿದೆ. ಅಲ್ಲಿ ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳನ್ನು ಕೃಶಗೊಳಿಸದೆ ಕೇವಲ ಕಾಯವನ್ನು ಕೃಶಗೊಳಿಸಿದರೆ ಅದು ವ್ರತವೆನಿಸದು. ಗೃಹಸ್ಥನಿಗೆ ವಿಧಿಸಿದ ಪರಿಗ್ರಹ ಪರಿಮಾಣ ವ್ರತವೂ ಇದೇ ದಾರಿಯದು.

ಚನ್ನಪಟ್ಟಣದಲ್ಲಿ ಮಾತ್ರ ಕೃಶವಾಗಬಾರದುದೂ ಕೃಶವಾಗಿದೆ. ಅಗ್ಗದ ಪ್ಲಾಸ್ಟಿಕ್ ಆಟಿಕೆಗಳ ಪೈಪೋಟಿಯಿಂದ ಕುಶಲಕರ್ಮಿಗಳ ಆದಾಯ ಕುಗ್ಗಿತು. ಹಲವರ ಮಕ್ಕಳು ಬೇರೆ ಉದ್ಯೋಗ ಹಿಡಿದರು. ಕೊಳ್ಳುವವರು ಚೌಕಾಸಿ ಮಾಡುತ್ತ ತಗ್ಗಿಸುವ ಒಂದೊಂದು ರೂಪಾಯಿಯೂ ಆ ಕೈಗಳ ಕೂಲಿಯಿಂದಲೇ ಹೋಗುತ್ತದೆ. ನೂತನ ಜಿನಬಿಂಬದ ಸನ್ನಿಧಿಯಲ್ಲಿ ಪರಿಗ್ರಹವನ್ನು ಮಿತಗೊಳಿಸುವ ಸಂಕಲ್ಪ ಮಾಡುವ ಶ್ರಾವಕರು, ದುಡಿದವನ ನ್ಯಾಯವಾದ ಪಾಲನ್ನು ಕಡಿಮೆ ಮಾಡೆವೆಂಬ ಸಂಕಲ್ಪವನ್ನೂ ಅದರೊಡನೆ ಮಾಡುವುದು ಉಚಿತವಾದೀತು.