ಬಾಣಂತಿಯ ಅನ್ನ, ಕೂಸಿನ ರಕ್ತ

ರಕ್ತದಲ್ಲಿ ಲ್ಯಾಕ್ಟೇಟ್ ಏರಿದೆ ಎಂಬ ಮಾತು ಇಂದು ತೀವ್ರ ನಿಗಾ ಘಟಕದ ಹೊರಗೆ ಕಾದು ಕುಳಿತ ಬಂಧುಗಳ ಕಿವಿಗೂ ಬೀಳುತ್ತದೆ. ಆ ಹೆಸರು ಹುಟ್ಟಿದ್ದು ಹುಳಿತ ಹಾಲಿನಿಂದ. ಸ್ವೀಡನ್ನಿನ ಕಾರ್ಲ್ ಷೀಲೆ 1780ರಲ್ಲಿ ಅದರಿಂದ ಲ್ಯಾಕ್ಟಿಕ್ ಆಮ್ಲವನ್ನು ಬೇರ್ಪಡಿಸಿದ. ಮನುಷ್ಯರ ರಕ್ತದಲ್ಲಿ ಅದನ್ನು ಮೊದಲು ಗುರುತಿಸಿದವನು ಜರ್ಮನಿಯ ವೈದ್ಯ ಯೊಹಾನ್ ಯೋಸೆಫ್ ಷೆರರ್. 1842-43ರ ಚಳಿಗಾಲದಲ್ಲಿ ವ್ಯುರ್ಟ್ಸ್‌ಬುರ್ಗ್ ನಗರದಲ್ಲಿ ಬಾಣಂತಿ ಜ್ವರ ಹಬ್ಬಿತ್ತು. ಆ ಜ್ವರದಿಂದ ಸತ್ತ ಎಳೆಯ ತಾಯಂದಿರ ರಕ್ತವನ್ನು ಪರೀಕ್ಷಿಸಿದಾಗ ಅವನಿಗೆ ಈ ಆಮ್ಲ ಸಿಕ್ಕಿತು. ಲ್ಯಾಕ್ಟೇಟಿನ ವೈದ್ಯಕೀಯ ಚರಿತ್ರೆಯ ಮೊದಲ ಪುಟದಲ್ಲಿರುವವರು ಹೀಗೆ ಬಾಣಂತಿಯರು.

ಲ್ಯಾಕ್ಟೇಟ್ ಸ್ವತಃ ವಿಷವಲ್ಲ. ಜೀವಕೋಶಗಳು ಸಕ್ಕರೆಯನ್ನು ಒಡೆದಾಗ ಪೈರುವೇಟ್ ಉಂಟಾಗುತ್ತದೆ. ಆಮ್ಲಜನಕ ಸಾಕಷ್ಟಿದ್ದರೆ ಅದು ಮುಂದಕ್ಕೆ ಉರಿದು ಶಕ್ತಿಯಾಗುತ್ತದೆ; ಇಲ್ಲದಿದ್ದರೆ ಲ್ಯಾಕ್ಟೇಟಾಗಿ ಉಳಿಯುತ್ತದೆ. ಓಡಿ ದಣಿದವರ ರಕ್ತದಲ್ಲೂ ಅದು ಏರಿ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಯಕೃತ್ತು ಅದನ್ನು ಮತ್ತೆ ಸಕ್ಕರೆಯಾಗಿಸುತ್ತದೆ. ವಿಶ್ರಾಂತಿಯಲ್ಲಿರುವವರಲ್ಲಿ ಲೀಟರಿಗೆ 2 ಮಿಲಿಮೋಲಿಗಿಂತ ಕಡಿಮೆ ಇರುವುದು ಸಾಮಾನ್ಯ. ತೀವ್ರ ಸೋಂಕಿನ ರೋಗಿಯಲ್ಲಿ ಅದು 4ನ್ನು ದಾಟಿದರೆ ವೈದ್ಯರು ಗಂಭೀರರಾಗುತ್ತಾರೆ. ಆದರೆ ಸಂಖ್ಯೆಯನ್ನು ಇಳಿಸುವುದೇ ಚಿಕಿತ್ಸೆಯಲ್ಲ. ಅದನ್ನು ಏರಿಸಿದ ಕಾರಣವನ್ನು ಹುಡುಕಬೇಕು. ಸೋಂಕಾದರೆ ಸೋಂಕಿಗೆ, ರಕ್ತಸ್ರಾವವಾದರೆ ಸ್ರಾವಕ್ಕೆ ಮದ್ದು.

ಆಮ್ಲಜನಕ ಧಾರಾಳವಾಗಿದ್ದೂ ಲ್ಯಾಕ್ಟೇಟ್ ಏರುವುದುಂಟು. ಪೈರುವೇಟ್ ಮುಂದೆ ಸಾಗಲು ಥಯಮಿನ್, ಎಂದರೆ ಬಿ1 ಜೀವಸತ್ವ ಬೇಕು. ಪಾಲಿಶ್ ಅಕ್ಕಿಯನ್ನಷ್ಟೇ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನು ಕ್ರಿಸ್ಟಿಯಾನ್ ಐಕ್‌ಮನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾವಾದಲ್ಲಿ ಕಂಡಿದ್ದ. ಅದಕ್ಕೆ 1929ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಅದೇ ಕಾಲದಲ್ಲಿ ಆಕ್ಸ್‌ಫರ್ಡಿನ ರುಡಾಲ್ಫ್ ಪೀಟರ್ಸ್ ಇಂಥದೇ ಆಹಾರದ ಪಾರಿವಾಳಗಳ ಮಿದುಳಿನಲ್ಲಿ ಲ್ಯಾಕ್ಟಿಕ್ ಆಮ್ಲ ಹೆಚ್ಚಿರುವುದನ್ನು ತೋರಿಸಿದ. ಬೆರಿಬೆರಿ ಎಂಬ ಹಳೆಯ ರೋಗಕ್ಕೂ ರಕ್ತದ ಹುಳಿಗೂ ಇರುವ ನಂಟು ಹೀಗೆ ಬೆಳಕಿಗೆ ಬಂತು.

ಬೆರಿಬೆರಿ ಪುಸ್ತಕ ಸೇರಿತೆಂದು ಭಾವಿಸಿದ್ದ ಕಾಲದಲ್ಲಿ ಅದು ನಮ್ಮ ನಾಡಿನ ಕೂಸುಗಳಲ್ಲಿ ಮತ್ತೆ ಕಾಣಿಸಿತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ 200ಕ್ಕೂ ಹೆಚ್ಚು ಶಿಶುಗಳ ವಿವರವಿದೆ. ಎಲ್ಲವೂ ಎದೆಹಾಲನ್ನಷ್ಟೇ ಕುಡಿಯುತ್ತಿದ್ದ, ಕೆಲವೇ ತಿಂಗಳ ಕೂಸುಗಳು. ಏದುಸಿರು, ವಾಂತಿ, ಹಾಲು ಒಲ್ಲೆನ್ನುವುದು, ಅತ್ತರೂ ದನಿ ಹೊರಡದಿರುವುದು. ರಕ್ತದಲ್ಲಿ ಆಮ್ಲ, ಶ್ವಾಸಕೋಶದ ರಕ್ತನಾಳಗಳಲ್ಲಿ ಅಪಾಯದ ಒತ್ತಡ. ಥಯಮಿನ್ ಕೊಟ್ಟ ಮೇಲೆ ಬಹುಪಾಲು ಕೂಸುಗಳು ಒಂದೆರಡು ದಿನಗಳಲ್ಲೇ ಚೇತರಿಸಿಕೊಂಡವು. ತಾಯಂದಿರ ಊಟವನ್ನು ವಿಚಾರಿಸಿದಾಗ ಸಿಕ್ಕಿದ್ದು ಪಾಲಿಶ್ ಅಕ್ಕಿಯ ಅನ್ನ ಮತ್ತು ಬಾಣಂತನದ ಕಟ್ಟುನಿಟ್ಟಿನ ಪಥ್ಯ.

ಇಲ್ಲಿ ತಾಯಿಯನ್ನಾಗಲಿ ಅಜ್ಜಿಯನ್ನಾಗಲಿ ದೂರುವುದು ಅನ್ಯಾಯ. ಕೂಸಿಗೆ ಬಾಧೆಯಾಗಬಾರದೆಂಬ ಕಾಳಜಿಯಿಂದಲೇ ಬೇಳೆ, ಸೊಪ್ಪು, ಕಾಳುಗಳನ್ನು ದೂರವಿಟ್ಟರು. ಅಜ್ಜಿಯ ಅಜ್ಜಿ ಅದೇ ಪಥ್ಯ ಮಾಡಿದಾಗ ಮನೆಯಲ್ಲಿದ್ದದ್ದು ಒರಳಲ್ಲಿ ಕುಟ್ಟಿದ, ತೌಡು ಪೂರ್ತಿ ಹೋಗದ ಅಕ್ಕಿ. ಗಿರಣಿ ಅಕ್ಕಿಯನ್ನು ಬೆಳ್ಳಗಾಗಿಸಿತು. ಪಥ್ಯ ಮಾತ್ರ ಹಾಗೆಯೇ ಉಳಿಯಿತು. ಹಲವು ಬಾರಿ ತೊಳೆದು, ಗಂಜಿ ಬಸಿದರೆ ಉಳಿದ ಥಯಮಿನ್ನೂ ನೀರಿನ ಪಾಲು. ಕರಾವಳಿಯ ಕುಚ್ಚಲಕ್ಕಿಯ ಕಥೆ ಬೇರೆ: ಭತ್ತವನ್ನು ಬೇಯಿಸಿ ಒಣಗಿಸುವಾಗ ಜೀವಸತ್ವ ಕಾಳಿನೊಳಗೆ ಇಳಿಯುತ್ತದೆ.

ನಾಡು ಬಿಟ್ಟವರು ಭಾಷೆಯೊಂದಿಗೆ ಬಾಣಂತನವನ್ನೂ ಕಟ್ಟಿಕೊಂಡು ಹೋಗುತ್ತಾರೆ. ಸಂಭಾಜಿನಗರದಿಂದ ಪೈಠಣದ ಗೋದಾವರಿಗೆ ಹೋಗುವ ದಾರಿಯಲ್ಲಿ, ಈಗ ಕೈಗಾರಿಕಾ ನಗರವಾಗಿ ಬೆಳೆಯುತ್ತಿರುವ ಬಿಡಕಿನ್ ಇದೆ. ಅದರ ಸುತ್ತಿನ ಮರಾಠವಾಡ, ನಮ್ಮ ಉತ್ತರ ಕರ್ನಾಟಕದಂತೆಯೇ, ಜೋಳ ಸಜ್ಜೆಗಳ ಸೀಮೆ. ಇಡಿಯಾಗಿ ಬೀಸಿದ ಆ ಹಿಟ್ಟಿನಲ್ಲಿ ಬಿಳಿ ಅಕ್ಕಿಗಿಂತ ಹೆಚ್ಚು ಥಯಮಿನ್ ಇದೆ. ಅಲ್ಲಿ ನೆಲೆಸಿದ ಕನ್ನಡದ ಮನೆ ಬಾಣಂತಿಯ ತಟ್ಟೆಗೆ ಒಂದು ರೊಟ್ಟಿ, ಒಂದಿಷ್ಟು ಬೇಳೆಕಟ್ಟು ಸೇರಿಸಿದರೆ ಸಂಪ್ರದಾಯಕ್ಕೆ ಭಂಗವೇನಿಲ್ಲ.

ಎದೆಹಾಲು ಕುಡಿಯುವ ಕೂಸಿಗೆ ಉಸಿರು ಬಿರುಸಾದರೆ, ಅಳುವಿನ ದನಿ ಅಡಗಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಕೂಸಿನ ಲಕ್ಷಣಗಳ ಜೊತೆಗೆ ತಾಯಿ ಏನು ಉಣ್ಣುತ್ತಿದ್ದಾಳೆ ಎಂಬುದನ್ನೂ, ವೈದ್ಯರು ಕೇಳುವ ಮೊದಲೇ, ಹೇಳಬೇಕು.