ಕ್ಯೂಬ್ (ಮ್ಯಾಜಿಕ್: ದ ಗ್ಯಾದರಿಂಗ್)

ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡ್ ಆಟದಲ್ಲಿ ಡ್ರಾಫ್ಟ್ ಆಡಲೆಂದು ಆಟಗಾರರೇ ಆಯ್ದು ಜೋಡಿಸಿಕೊಳ್ಳುವ ಕಾರ್ಡುಗಳ ಸಂಗ್ರಹ. ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಮೂಲ ಆಟವನ್ನು ಅಮೆರಿಕದ ವಿಜರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ 1993ರಲ್ಲಿ ಹೊರತಂದಿತು. ಕ್ಯೂಬನ್ನು ಕಲೆಸಿ ಎಷ್ಟು ಸಲವಾದರೂ ಆಡಬಹುದು. ಹೊಸ ಪ್ಯಾಕ್ ಕೊಳ್ಳಬೇಕಿಲ್ಲ.

ಡ್ರಾಫ್ಟ್ ಆಡುವ ಕ್ರಮ: ಎಂಟು ಮಂದಿಗೆ ತಲಾ 15 ಕಾರ್ಡುಗಳ ಮೂರು ಪ್ಯಾಕ್ ಹಂಚಲು 360 ಕಾರ್ಡು ಬೇಕು, 540, 720 ಕಾರ್ಡುಗಳ ಕ್ಯೂಬ್‌ಗಳೂ ಇವೆ. ಪ್ರತಿಯೊಬ್ಬರೂ ಒಂದು ಕಾರ್ಡ್ ಇಟ್ಟುಕೊಂಡು ಉಳಿದವನ್ನು ಪಕ್ಕದವರಿಗೆ ದಾಟಿಸುತ್ತಾರೆ. ಪ್ಯಾಕ್‌ಗಳು ಮುಗಿಯುವವರೆಗೆ ಹೀಗೆ ಕೈಸೇರಿದ 45ರಲ್ಲಿ ಬೇಕಾದವನ್ನು ಆರಿಸಿ, ಮಾನಾ (ಕಾರ್ಡ್ ಆಡಲು ಬೇಕಾದ ಶಕ್ತಿ) ಕೊಡುವ ಬೇಸಿಕ್ ಲ್ಯಾಂಡ್ ಕಾರ್ಡುಗಳನ್ನು ಸೇರಿಸಿ, ಕನಿಷ್ಠ 40 ಕಾರ್ಡುಗಳ ಡೆಕ್ ಕಟ್ಟುತ್ತಾರೆ.

ವಿನ್ಯಾಸ: ಸಾಮಾನ್ಯವಾಗಿ ಪ್ರತಿ ಕಾರ್ಡಿನದೂ ಒಂದೇ ಪ್ರತಿ ಇರುತ್ತದೆ. ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು ಬಣ್ಣಗಳಿಗೆ ಹೆಚ್ಚುಕಡಿಮೆ ಸಮಪಾಲು. ವೇಗದ ದಾಳಿಯ ಡೆಕ್ ಗೆಲ್ಲಬೇಕಾದರೆ ಒಂದು ಮಾನಾ ಬೆಲೆಯ ಜೀವಿಗಳು ಧಾರಾಳವಾಗಿರಬೇಕು. ಸ್ಮಶಾನದಿಂದ (ಬಳಸಿ ಮುಗಿದ, ಸತ್ತ ಕಾರ್ಡುಗಳ ರಾಶಿಯಿಂದ) ಜೀವಿಯನ್ನು ಎಬ್ಬಿಸುವ ತಂತ್ರಕ್ಕೆ ಎಬ್ಬಿಸುವ ಮಂತ್ರ, ಅಲ್ಲಿಗೆ ತಳ್ಳುವ ಉಪಾಯ, ಎಬ್ಬಿಸಲು ತಕ್ಕ ದೈತ್ಯ ಮೂರೂ ಬೇಕು. ಒಂದು ಕೊರೆಯಾದರೂ ಉಳಿದೆರಡು ದಂಡ.

ಪ್ರಕಾರಗಳು: ಪಾಪರ್ ಕ್ಯೂಬ್‌ನಲ್ಲಿ ಕಾಮನ್ (ಸುಲಭವಾಗಿ ಸಿಗುವ) ದರ್ಜೆಯ ಕಾರ್ಡುಗಳು ಮಾತ್ರ. ಪವರ್ಡ್ ಕ್ಯೂಬ್‌ನಲ್ಲಿ ‘ಬ್ಲ್ಯಾಕ್ ಲೋಟಸ್’ನಂಥ ಅತಿ ಪ್ರಬಲ ಹಳೆಯ ಕಾರ್ಡುಗಳಿಗೂ ಜಾಗವುಂಟು.