ಮದರಾಸು ವೇಳೆಯೂ ಕಾರಿನ ವೇಳೆಯೂ

ನುಂಗಂಬಾಕ್ಕಂನ ಕಾಲೇಜು ರಸ್ತೆಯಲ್ಲಿ ಓಡಾಡದವರು ನಮ್ಮಲ್ಲಿ ಕಡಿಮೆ. ಅಲ್ಲಿ ಇಂದು ಹವಾಮಾನ ಕಚೇರಿ ಇರುವ ಆವರಣದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು 1792ರಲ್ಲಿ ಖಗೋಳ ವೀಕ್ಷಣಾಲಯವೊಂದನ್ನು ಕಟ್ಟಿಸಿದ್ದರು. ಅಲ್ಲಿ ಗುಣಿಸಿದ ಮದರಾಸು ವೇಳೆಗೆ ಅನುಸಾರವಾಗಿ ನಮ್ಮ ರೈಲುಗಳು ಬಹುಕಾಲ ಓಡಿದವು. 1906ರ ಜನವರಿ 1ರಂದು ಭಾರತೀಯ ಪ್ರಮಾಣ ವೇಳೆ ಜಾರಿಗೆ ಬಂತು. ಅದು ಮದರಾಸು ವೇಳೆಗಿಂತ ಸುಮಾರು 9 ನಿಮಿಷ ಮುಂದು. ಹೀಗೆ ಒಂದು ಗುರುತಿಗೆ ಎಲ್ಲವನ್ನೂ ಹೊಂದಿಸುವ ಕೆಲಸ ಕಾರಿನ ಎಂಜಿನ್ನಿನೊಳಗೂ ಉಂಟು. ಅಲ್ಲಿ 9 ನಿಮಿಷವಲ್ಲ, ಒಂದು ಹಲ್ಲಿನಷ್ಟು ವ್ಯತ್ಯಾಸವೂ ಸಲ್ಲದು.

ಪಿಸ್ಟನ್ನುಗಳಿಗೆ ಜೋಡಿಸಿದ್ದು ಕ್ರ್ಯಾಂಕು. ವಾಲ್ವುಗಳನ್ನು ತೆರೆಸುವುದು ಕ್ಯಾಮು. ಕ್ರ್ಯಾಂಕು ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮು ಒಂದೇ ಸುತ್ತು ತಿರುಗಬೇಕು. ನಮ್ಮ ಹಿರಿಯರ ಕಾಲದ ಅಂಬಾಸಡರ್, ಫಿಯಟ್, ಈ ಊರಿನಲ್ಲೇ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್, ಇವುಗಳಲ್ಲಿ ಎರಡನ್ನೂ ಕೂಡಿಸುತ್ತಿದ್ದುದು ಎಣ್ಣೆಯಲ್ಲಿ ನೆನೆದ ಉಕ್ಕಿನ ಸರಪಣಿ. (ಫಿಯಟ್ ತಯಾರಿಸಿದ ಪ್ರೀಮಿಯರ್ ಸಂಸ್ಥೆ 1944ರಲ್ಲಿ ಹುಟ್ಟಿದ್ದು ಮುಂಬಯಿಯಲ್ಲಿ. ಮೋಟಾರು ಕಾರ್ಖಾನೆ ಮೈಸೂರು ಸಂಸ್ಥಾನಕ್ಕೇ ಬರಲೆಂದು ಸರ್ ಎಂ. ವಿಶ್ವೇಶ್ವರಯ್ಯನವರು ಪಟ್ಟ ಶ್ರಮ ಕೈಗೂಡಲಿಲ್ಲ. ಆ ಕೊರಗು ನಮಗೆ ಇದ್ದೇ ಇದೆ.) ಸರಪಣಿ ಸಡಿಲವಾದರೆ ಗಲಗಲ ಸದ್ದು ಮಾಡುತ್ತಿತ್ತು. ಕಿವಿಗೊಟ್ಟು ಕೇಳಿಯೇ ರೋಗ ಹೇಳುವ ಮಿಸ್ತ್ರಿಗಳು ಆಗ ಬೀದಿಗೊಬ್ಬರು.

ಸರಪಣಿಗೆ ಬದಲು ಹಲ್ಲುಳ್ಳ ರಬ್ಬರು ಪಟ್ಟಿಯನ್ನು ಹೊತ್ತು ಮಾರುಕಟ್ಟೆಗೆ ಬಂದ ಮೊದಲ ಕಾರುಗಳಲ್ಲಿ 1962ರ ಜರ್ಮನಿಯ ಗ್ಲಾಸ್ 1004 ಮುಖ್ಯವಾದುದು. ನಮ್ಮ ಮನೆಬಾಗಿಲಿಗೆ ಅದನ್ನು ತಂದದ್ದು 1983ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ 800. ಮೂರು ಸಿಲಿಂಡರಿನ, 796 ಸಿ.ಸಿ. ಎಂಜಿನ್ನು. ಟೈಮಿಂಗ್ ಬೆಲ್ಟಿಗೆ ಎಣ್ಣೆ ಬೇಡ, ಸದ್ದೂ ಇಲ್ಲ. ಸದ್ದಿಲ್ಲದಿರುವುದೇ ಅದರ ಅಪಾಯ. ಸವೆದದ್ದು ಕಿವಿಗೆ ತಿಳಿಯುವುದಿಲ್ಲ. ಬೇಸಿಗೆ ರಜೆಗೆ ಮಕ್ಕಳುಮರಿಯೊಡನೆ ಬೆಂಗಳೂರಿಗೆ ಹೊರಟಾಗ ಕೃಷ್ಣಗಿರಿಯ ಬಳಿ ಹರಿದರೆ ಪ್ರಯಾಣ ಅಲ್ಲಿಗೇ ಮುಗಿಯಿತು. ಕೆಲವು ಎಂಜಿನ್ನುಗಳಲ್ಲಂತೂ ಪಿಸ್ಟನ್ನು ವಾಲ್ವಿಗೆ ಬಡಿದು ಅದನ್ನು ಬಗ್ಗಿಸಿಬಿಡುತ್ತದೆ.

ಆದ್ದರಿಂದ ಅವಧಿಗೆ ಸರಿಯಾಗಿ ಪಟ್ಟಿ ಬದಲಿಸಬೇಕು. ಆಗ ಮಿಸ್ತ್ರಿಯ ಕಿವಿಗಿಂತ ಕಾರ್ಖಾನೆಯವರು ಕೊರೆದ ಗುರುತುಗಳೇ ದೊಡ್ಡವು. ಮೊದಲು ಕ್ರ್ಯಾಂಕಿನ ಹಲ್ಲುಚಕ್ರದ ಗುರುತನ್ನೂ ಕ್ಯಾಮಿನ ಹಲ್ಲುಚಕ್ರದ ಗುರುತನ್ನೂ ಎಂಜಿನ್ನಿನ ಮೈಮೇಲಿನ ತಂತಮ್ಮ ಗುರುತುಗಳಿಗೆ ನೇರ ನಿಲ್ಲಿಸಬೇಕು. ಪಟ್ಟಿಯನ್ನು ಕ್ರ್ಯಾಂಕಿನಿಂದ ತೊಡಿಸುತ್ತಾ, ಬಿಗಿಯುವ ಚಕ್ರವಿಲ್ಲದ ಮಗ್ಗುಲು ಸಡಿಲಾಗದಂತೆ ಎಳೆದು ಹಿಡಿಯಬೇಕು. ಸಡಿಲವೆಲ್ಲ ಬಿಗಿಯುವ ಚಕ್ರದ ಕಡೆಗೇ ಬರಬೇಕು. ಇಲ್ಲಿ ಅವಸರ ಮಾಡಿದವರೇ ಒಂದು ಹಲ್ಲು ಜಾರಿಸುವುದು. ಕ್ರ್ಯಾಂಕಿನ ಚಕ್ರಕ್ಕೆ 20 ಹಲ್ಲುಗಳಿವೆಯೆಂದು ಇಟ್ಟುಕೊಳ್ಳೋಣ. ಒಂದು ಹಲ್ಲು ಜಾರಿದರೆ 18 ಡಿಗ್ರಿಯ ತಪ್ಪು. ಕಾರು ಸ್ಟಾರ್ಟ್ ಆದರೂ ಆಗಬಹುದು. ಆದರೆ ನಿಂತಲ್ಲೇ ನಡುಗುತ್ತದೆ, ಏರಿನಲ್ಲಿ ಏದುಸಿರು ಬಿಡುತ್ತದೆ, ಪೆಟ್ರೋಲು ಕುಡಿಯುತ್ತದೆ. ಯಜಮಾನರು ಕಾರ್ಬ್ಯುರೇಟರನ್ನು ಬೈಯುತ್ತಾರೆ!

ಈಚಿನ ಹಲವು ಕಾರುಗಳು ಮತ್ತೆ ಸರಪಣಿಗೆ ಮರಳಿವೆ. ಬೆಲ್ಟಿನ ಕಾರುಗಳೂ ಇನ್ನೂ ಬೇಕಾದಷ್ಟಿವೆ. ಅಂಥದನ್ನು ಇಟ್ಟುಕೊಂಡಿರುವ ವಾಚಕರು ಗ್ಯಾರೇಜಿನಲ್ಲಿ ಒಂದನ್ನು ಮಾತ್ರ ನಿಂತು ನೋಡಬೇಕು. ಪಟ್ಟಿ ಬಿಗಿದ ಮೇಲೆ ಕೀಲಿ ತಿರುಗಿಸುವ ಮುನ್ನ, ಕ್ರ್ಯಾಂಕನ್ನು ಪಾನಾ ಹಾಕಿ ಕೈಯಿಂದಲೇ ಎರಡು ಪೂರ್ಣ ಸುತ್ತು ತಿರುಗಿಸಬೇಕು. ಆಗ ಕ್ಯಾಮು ಒಂದು ಸುತ್ತು ಮುಗಿಸಿ ಮೊದಲಿನ ಜಾಗಕ್ಕೆ ಬರುತ್ತದೆ. ಗುರುತುಗಳು ಮತ್ತೆ ನೇರ ನಿಂತರೆ ಮುಚ್ಚಳ ಹಾಕಬಹುದು. ಇಲ್ಲವಾದರೆ ಪಟ್ಟಿ ಬಿಚ್ಚಿ ಮತ್ತೆ ತೊಡಿಸಬೇಕು.